ಜೇಬಿಲ್ಲದ ಏಪ್ರನ್

ನನ್ನ ತಮ್ಮನ ಮಗಳು ರೂತ್ ಬೆಟಗೇರಿಯಲ್ಲಿ ಬೆಳೆದವಳು, ಧಾರವಾಡದಲ್ಲಿ ಮೈಕ್ರೋಬಯಾಲಜಿ ಓದಿದವಳು. ಹೋದ ತಿಂಗಳು ಅವಳಿಗೆ ವಿಶಾಖಪಟ್ಟಣದ ಪರವಾಡದಲ್ಲಿ, ಇಂಜೆಕ್ಷನ್ ತಯಾರಿಸುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅದೇ ಪರವಾಡದಲ್ಲಿ ಇಂಥದೇ ಕೆಲಸ ಮಾಡಿ ನಿವೃತ್ತಳಾದ ಅತ್ತೆ ನಾನೊಬ್ಬಳಿದ್ದೇನಲ್ಲ, ಫೋನ್ ಮಾಡಿದಳು. ಹಾಸ್ಟೆಲ್ ಹೇಗಿದೆ, ಕಂಪನಿ ಬಸ್ಸು ಎಲ್ಲಿ ನಿಲ್ಲುತ್ತದೆ, ನೈಟ್ ಶಿಫ್ಟ್ ಇದೆಯೇ ಎಂದೆಲ್ಲ ಕೇಳುತ್ತಾಳೆಂದುಕೊಂಡಿದ್ದೆ. ಅವಳ ಮೊದಲ ಪ್ರಶ್ನೆಯೇ ಬೇರೆ.

"ಅತ್ತಿ, ಲ್ಯಾಬಿನ್ಯಾಗ ಸಣ್ಣದೊಂದು ಸತ್ಯವೇದ ಇಟ್ಕೊಳಾಕ ಬಿಡ್ತಾರೇನು?"

"ಸತ್ಯವೇದ ದೂರ ಉಳೀತು, ಬಸ್ ಟಿಕೀಟು ಸೈತ ಒಳಗ ಒಯ್ಯಾಕ ಬಿಡಂಗಿಲ್ಲ. ನಿನ್ನ ಏಪ್ರನ್ನಿಗೆ ಜೇಬೇ ಇರಂಗಿಲ್ಲವಾ."

ಹುಡುಗಿ ಪೆಚ್ಚಾದಳು. ಬಿಡಿ ಕಾಗದ ಯಾಕೆ ಬೇಡವೆಂದು ಅವಳಿಗೆ ವಿವರಿಸಿದೆ. ಕೈಯಲ್ಲಿ ಚೀಟಿ ಇದ್ದರೆ ಮನುಷ್ಯರು ಮೊದಲು ಚೀಟಿಯ ಮೇಲೆ ಗೀಚಿಕೊಳ್ಳುತ್ತಾರೆ, ಆಮೇಲೆ ರಿಜಿಸ್ಟರಿಗೆ ಇಳಿಸುತ್ತಾರೆ. ಇಳಿಸುವಾಗ ಅಂಕಿ ಸ್ವಲ್ಪ ಚಂದವಾಗಿಬಿಡುತ್ತದೆ. ಅದಕ್ಕಾಗಿ ಜೇಬನ್ನೇ ಹೊಲಿಯುವುದಿಲ್ಲ. ಕಂಡದ್ದನ್ನು ಕಂಡ ಗಳಿಗೆಯಲ್ಲಿ, ಪುಟಸಂಖ್ಯೆ ಹಾಕಿದ ರಿಜಿಸ್ಟರಿನಲ್ಲೇ ಬರೆಯಬೇಕು.

ಫೋನ್ ಇಟ್ಟ ಮೇಲೆ ಅನ್ನಿಸಿತು, ಇಷ್ಟಕ್ಕೆ ಬಿಟ್ಟರೆ ಅರ್ಧ ಹೇಳಿದಂತಾಗುತ್ತದೆ. ಆ ಏಪ್ರನ್ ತೊಟ್ಟು ಬೈಬಲ್ಲಿನ ವಾಕ್ಯವನ್ನು ತಲೆಯಲ್ಲಿಟ್ಟುಕೊಂಡು ಒಳಗೆ ಹೋದ ದಿನಗಳು ನನಗಿವೆ. ವಾಕ್ಯವನ್ನು ತಪ್ಪಾಗಿ ಒಯ್ದ ದಿನವೂ ಒಂದಿದೆ. ಬಡ್ತಿಯ ಕತೆಗಳು ನನ್ನಲ್ಲಿ ಹೆಚ್ಚಿಲ್ಲ, ಯಾಕಿಲ್ಲವೆಂಬುದೂ ಇದರಲ್ಲಿ ಬರುತ್ತದೆ. ರೂತ್‌ಗೆಂದು ಬರೆಯುತ್ತಿದ್ದೇನೆ, ಈ ಕೆಲಸಕ್ಕೆ ಹೊಸದಾಗಿ ಸೇರುವ ಬೇರೆಯವರೂ ಓದಲಿ.

ನನ್ನ ಅವ್ವ ಬೆಟಗೇರಿಯಲ್ಲಿ ಮಿಶನ್ ಶಾಲೆಯ ಟೀಚರು. ಶನಿವಾರ ಮಧ್ಯಾಹ್ನ ಮೊರದಲ್ಲಿ ಅಕ್ಕಿ ಆರಿಸುತ್ತ ನನ್ನನ್ನು ಎದುರಿಗೆ ಕೂರಿಸಿಕೊಂಡು ವಾರಕ್ಕೊಂದು ವಾಕ್ಯ ಬಾಯಿಪಾಠ ಮಾಡಿಸುತ್ತಿದ್ದಳು. ಒಂದು ಶಬ್ದ ತಪ್ಪಿದರೂ ಮತ್ತೆ ಮೊದಲಿನಿಂದ. ನನಗೆ ಆಟಕ್ಕೆ ಓಡುವ ಆತುರ, ಗಡಬಡ ಒದರಿ ಏಳುತ್ತಿದ್ದೆ. ಒಮ್ಮೆ ಹಾಗೆ ಎದ್ದಾಗ ಲಂಗ ಹಿಡಿದು ಕೂರಿಸಿ ಯೇಸುಸ್ವಾಮಿ ಅಡವಿಯಲ್ಲಿ ನಲವತ್ತು ದಿನ ಉಪವಾಸ ಇದ್ದ ಕತೆ ಹೇಳಿದಳು. ಸೈತಾನ ಬಂದು ಕೆಣಕಿದಾಗಲೆಲ್ಲ ಸ್ವಾಮಿ ಬರೆದಿಟ್ಟ ವಾಕ್ಯದಿಂದಲೇ ಉತ್ತರ ಕೊಟ್ಟರು ಎಂದಳು. ಅದು ನನಗೆ ಗೊತ್ತಿದ್ದದ್ದೇ. ಅವಳು ಅಲ್ಲಿಗೆ ನಿಲ್ಲಿಸಲಿಲ್ಲ.

"ಎರಡನೇ ಸಲ ಸೈತಾನ ಏನ್ ಮಾಡಿದ ಹೇಳು? ತಾನೂ ವಾಕ್ಯನಽ ಅಂದ. ಅವಗೂ ಬಾಯಿಪಾಠ ಬರ್ತಾವವಾ. ಒಂದು ತುಂಡು ಹರಕೊಂಡು ಓಡಬ್ಯಾಡ. ಅದರ ಹಿಂದಿಂದು ಮುಂದಿಂದು ಓದು."

ಸೈತಾನ ನಮ್ಮ ಸಂಡೇ ಸ್ಕೂಲಿನಲ್ಲಿ ಕೈಕಟ್ಟಿ ನಿಂತು ವಾಕ್ಯ ಒಪ್ಪಿಸುವಂತೆ ಕಣ್ಣಿಗೆ ಕಟ್ಟಿ ನಾನು ಕಿಸಕ್ಕನೆ ನಕ್ಕೆ. ಅವ್ವನೂ ನಕ್ಕಳು. ಆ ಮಾತಿನ ಉಪಯೋಗ ತಿಳಿಯುವಷ್ಟರಲ್ಲಿ ಅವಳು ತೀರಿಕೊಂಡು ಬಹಳ ವರ್ಷಗಳಾಗಿದ್ದವು.

ನಮ್ಮೂರ ಆಸ್ಪತ್ರೆಯಲ್ಲಿ ನರ್ಸಾಗಿದ್ದ ವಿಜಯವಾಡದ ಹೆಂಗಸೊಬ್ಬರು ತಮ್ಮ ಅಣ್ಣನ ಮಗನಿಗೆ ನನ್ನನ್ನು ಕೇಳಿದರು. ಅವರೇ ನನ್ನ ಗಂಡ ಸಾಮ್ಯುಯೇಲ್. ವಿಜಯವಾಡದ ಆಟೋನಗರದಲ್ಲಿ ಅವರ ಅಪ್ಪನದು ಲೇತ್ ಕೆಲಸದ ಶೆಡ್ಡು. ಮದುವೆಯಾಗಿ ಭವಾನಿಪುರಂಗೆ ಬಂದಾಗ ನನಗೆ ಬರುತ್ತಿದ್ದ ತೆಲುಗು ಎಂದರೆ "ರಂಡಿ", "ಕೂರ್ಚೊಂಡಿ" ಅಷ್ಟೆ. ಮನೆಗೆ ಬಂದವರನ್ನೆಲ್ಲ ಬನ್ನಿ, ಕೂತುಕೊಳ್ಳಿ ಎಂದು ಕರೆದು ಆಮೇಲೆ ಮಾತು ತೋಚದೆ ನಗುತ್ತ ನಿಲ್ಲುತ್ತಿದ್ದೆ. ಅತ್ತೆ ನನ್ನನ್ನು ಬಹಳ ವಿನಯದ ಸೊಸೆ ಎಂದು ಊರಿಗೆಲ್ಲ ಹೇಳಿದರು.

ಆಟೋನಗರದಾಚೆ ಸಲೈನ್ ಬಾಟಲಿ ತುಂಬುವ ಒಂದು ಸಣ್ಣ ಕಂಪನಿ ಇತ್ತು. ಅಲ್ಲಿಯ ಲ್ಯಾಬಿಗೆ ಸೇರಿದೆ. ಚೀಫ್ ಕೆಮಿಸ್ಟ್ ಸೂರ್ಯನಾರಾಯಣಗಾರು. ಹಣೆಯ ತುಂಬ ವಿಭೂತಿ, ಮಧ್ಯಾಹ್ನ ಮೊಸರನ್ನ, ಮಾತು ಕಡಿಮೆ. ಆ ಕಾಲದಲ್ಲಿ ಸಲೈನಿನಲ್ಲಿ ಜ್ವರ ತರುವ ಕಲ್ಮಶ ಇದೆಯೇ ಎಂದು ಮೊಲಗಳ ಮೇಲೆ ನೋಡುತ್ತಿದ್ದರು. ಮೂರು ಮೊಲಗಳ ಕಿವಿಯ ನರಕ್ಕೆ ದ್ರವ ಕೊಟ್ಟು ಮೂರು ಗಂಟೆಯ ತನಕ ಅರ್ಧ ಗಂಟೆಗೊಮ್ಮೆ ಅವುಗಳ ಮೈಬಿಸಿ ಅಳೆಯಬೇಕು. ಮೊಲ ಒದ್ದಾಡಿದರೆ ಬಿಸಿ ಏರುತ್ತದೆ, ಅದಕ್ಕಾಗಿ ನಾವೂ ಉಸಿರು ಬಿಗಿಹಿಡಿದು ಕೂರಬೇಕು. ಈಗ ಮೊಲಗಳಿಲ್ಲ, ಸಣ್ಣ ಗಾಜಿನ ನಳಿಕೆಯಲ್ಲೇ ಆ ಪರೀಕ್ಷೆ ಮುಗಿಯುತ್ತದೆ. ರೂತ್ ಮೊಲವನ್ನು ಮುಟ್ಟದೆಯೇ ನಿವೃತ್ತಳಾಗುತ್ತಾಳೆ.

ಸೇರಿದ ಮೊದಲ ವರ್ಷ ಶುಭ ಶುಕ್ರವಾರ, ಅಂದರೆ ಗುಡ್ ಫ್ರೈಡೇ, ಕಂಪನಿಗೆ ರಜೆ ಇರಲಿಲ್ಲ. ಯೇಸುಸ್ವಾಮಿ ಶಿಲುಬೆಯ ಮೇಲೆ ನರಳಿದ ಹೊತ್ತೆಂದು ಚರ್ಚಿನಲ್ಲಿ ಹನ್ನೆರಡರಿಂದ ಮೂರರ ತನಕ ಆರಾಧನೆ. ನಮ್ಮ ಮನೆತನದಲ್ಲಿ ಯಾರೂ ಆ ಮೂರು ಗಂಟೆ ತಪ್ಪಿಸಿದವರಲ್ಲ. ಅವತ್ತು ನನ್ನ ಪಾಲಿಗೆ ಮೊಲದ ಪರೀಕ್ಷೆ ಬಂದಿತ್ತು. ಒಂಬತ್ತೂವರೆಗೆ ಶುರುವಾದದ್ದು ಹನ್ನೆರಡೂವರೆಗೆ ಮುಗಿಯಬೇಕು. ಹನ್ನೊಂದೂವರೆಯ ಅಂಕಿ ಬರೆದ ಮೇಲೆ ನೋಡಿದೆ, ಮೂರೂ ಮೊಲಗಳು ಸಾಧುವಾಗಿ ಕೂತಿವೆ, ಮೈಬಿಸಿ ಒಂದೇ ತೆರನಾಗಿದೆ. ಇನ್ನೆರಡು ಸಾಲಿಗೂ ಅಂಥದೇ ಅಂಕಿ ತುಂಬಿಸಿ, ಸಹಿ ಹಾಕಿ, ರಿಕ್ಷಾ ಹಿಡಿದು ಚರ್ಚಿಗೆ ಓಡಿದೆ. ದೇವರ ಕೆಲಸಕ್ಕೆ ಹೋಗುತ್ತಿದ್ದೇನೆಂಬ ಧೈರ್ಯ. ಸ್ವಾಮಿ ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಬೋಧನೆ ಕೇಳಿ ಕಣ್ಣೊರೆಸಿಕೊಂಡು ಬಂದೆ.

ಮರುದಿನ ಸೂರ್ಯನಾರಾಯಣಗಾರು ರಿಜಿಸ್ಟರನ್ನು ನನ್ನ ಮುಂದೆ ತೆರೆದಿಟ್ಟರು. ಹನ್ನೆರಡಕ್ಕೆ ಅವರು ಅತ್ತ ಬಂದಾಗ ಪಂಜರಗಳ ಮುಂದೆ ಯಾರೂ ಇಲ್ಲ, ಪುಟದಲ್ಲಿ ಮಾತ್ರ ಹನ್ನೆರಡೂವರೆಯ ಅಂಕಿ ಕೂಡ ಸಿದ್ಧ. ಮೊಸರನ್ನದ ಡಬ್ಬಿ ಬದಿಗಿಟ್ಟು ತಾವೇ ಕೂತು ಅಳೆದಿದ್ದರು. ಎರಡನೆಯ ಮೊಲದ ಬಿಸಿ ಏರಿತ್ತು.

"ಅಮ್ಮಾ, ನಿನ್ನೆ ನಿಮ್ಮ ಯೇಸುಪ್ರಭುಗಳು ಶಿಲುಬೆಯಿಂದ ಒಂದು ಗಂಟೆ ಮುಂಚೆ ಇಳಿದು ಬಂದರಾ?" ಎಂದು ಮೆಲ್ಲಗೆ ಕೇಳಿದರು.

ಆ ಪುಟ ಹರಿದುಹಾಕಿ ಹೊಸದಾಗಿ ಬರೆದುಕೊಡುತ್ತೇನೆ ಎಂದೆ. ಅದಕ್ಕೆ ಅವರಿಗೆ ನಿಜವಾದ ಸಿಟ್ಟು ಬಂತು. ಹರಿಯುವುದಿಲ್ಲ, ಬ್ಲೇಡಿನಿಂದ ಕೆರೆಯುವುದಿಲ್ಲ. ತಪ್ಪು ಬರೆದದ್ದರ ಮೇಲೆ ಒಂದೇ ಗೆರೆ, ಕೆಳಗಿನ ಅಕ್ಷರ ಓದಲಿಕ್ಕೆ ಬರುವಂತೆ. ಪಕ್ಕದಲ್ಲಿ ಸರಿಯಾದದ್ದು, ಸಹಿ, ತಾರೀಖು, ಕಾರಣ. ನನ್ನ ಕೈಯಿಂದಲೇ ಎಳೆಸಿದರು. ಕಾರಣದ ಜಾಗದಲ್ಲಿ "ಅಳೆಯದೆ ಬರೆದಿದ್ದೆ" ಎಂದು ಬರೆಸಿದರು. ಬರೆಯುವಾಗ ನನ್ನ ಕಣ್ಣೀರು ಪುಟದ ಮೇಲೆ ಬಿದ್ದು ಶಾಯಿ ಹರಡಿತು. ಹಿಂದಿನ ದಿನ ಚರ್ಚಿನಲ್ಲಿ ಬಂದದ್ದಕ್ಕಿಂತ ಅದು ನಿಜವಾದ ಅಳು. ಇವತ್ತಿಗೂ ಆ ಮನುಷ್ಯರನ್ನು ನೆನೆಯದೆ ನಾನು ಶುಭ ಶುಕ್ರವಾರ ಕಳೆದಿಲ್ಲ.

ಕೆಲವು ವರ್ಷಗಳಾದ ಮೇಲೆ ಆ ಕಂಪನಿ ಮುಚ್ಚಿತು. ನನಗೆ ಪರವಾಡದಲ್ಲಿ ಕೆಲಸವಾಯಿತು, ಸಾಮ್ಯುಯೇಲ್ ಶೆಡ್ಡನ್ನು ತಮ್ಮನಿಗೆ ಬಿಟ್ಟು ಪರವಾಡಕ್ಕೆ ಹತ್ತಿರದ ಗಾಜುವಾಕದ ವರ್ಕ್‌ಶಾಪೊಂದಕ್ಕೆ ಸೇರಿದರು. ನಮ್ಮ ಮಗಳು ಅಲ್ಲೇ ಓದಿದಳು. ಅವಳ ಕನ್ನಡ ಈಗ ನನ್ನ ಜೊತೆ ಮತ್ತು ಬೆಟಗೇರಿಯ ಮಾವನ ಜೊತೆ ಮಾತ್ರ, ಸಿಟ್ಟು ಬಂದರೆ ಪೂರಾ ತೆಲುಗು.

ಪರವಾಡದ ಕಾರ್ಖಾನೆ ದೊಡ್ಡದು. ನನ್ನ ಕೆಲಸಗಳಲ್ಲಿ ಒಂದು ಬೆರಳಿನ ಪ್ಲೇಟು ಓದುವುದು. ಇಂಜೆಕ್ಷನ್ ಸೀಸೆ ತುಂಬುವ ಕೋಣೆಯಲ್ಲಿ ದುಡಿಯುವವರು ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡಿರುತ್ತಾರೆ, ಕಣ್ಣು ಸಹ ಕನ್ನಡಕದೊಳಗೆ. ಕೆಲಸ ಮುಗಿಸಿ ಹೊರಡುವಾಗ ಗ್ಲೌಸ್ ತೊಟ್ಟ ಹತ್ತೂ ಬೆರಳನ್ನು ಅಗರ್ ತುಂಬಿದ ತಟ್ಟೆಗಳಿಗೆ ಮೆಲ್ಲಗೆ ಒತ್ತಬೇಕು. ಅಗರ್ ಎಂದರೆ ಸೂಕ್ಷ್ಮಜೀವಿಗಳಿಗೆ ನಾವು ಹಾಕುವ ಊಟ. ಆ ತಟ್ಟೆಗಳನ್ನು ಐದು ದಿನ ಬೆಚ್ಚಗಿಟ್ಟು ನೋಡುತ್ತೇವೆ. ಗ್ಲೌಸು ಶುದ್ಧವಿದ್ದರೆ ಏನೂ ಬೆಳೆಯುವುದಿಲ್ಲ. ಒಂದು ಚುಕ್ಕೆ ಬೆಳೆದರೂ ಅವತ್ತು ತುಂಬಿದ ಬ್ಯಾಚನ್ನು ತಡೆಹಿಡಿದು ವಿಚಾರಣೆ ಮಾಡಬೇಕು. ಆ ಸೀಸೆಗಳು ನೇರ ರೋಗಿಯ ರಕ್ತಕ್ಕೆ ಹೋಗುವಂಥವು.

ಅಲ್ಲಿ ನನ್ನ ಮೇಲಿನವರು ದೈವಾಧೀನಂಗಾರು, ಕ್ವಾಲಿಟಿ ವಿಭಾಗದ ಮ್ಯಾನೇಜರ್. ನಾವು ಹೋಗುವ ಚರ್ಚಿನಲ್ಲೇ ಹಿರಿಯರು. ಕೆಟ್ಟ ಮನುಷ್ಯರಲ್ಲ, ಮೊದಲೇ ಹೇಳಿಬಿಡುತ್ತೇನೆ. ಸಾಮ್ಯುಯೇಲ್‌ಗೆ ಕಾಮಾಲೆಯಾದಾಗ ವಾರಗಟ್ಟಲೆ ಮನೆಗೆ ಬಂದು ಪ್ರಾರ್ಥನೆ ಮಾಡಿದವರು.

ನಮ್ಮ ಚರ್ಚುಗಳಲ್ಲಿ ಜನವರಿ ಒಂದರ ಆರಾಧನೆಯಲ್ಲಿ ಒಂದು ಪದ್ಧತಿ ಉಂಟು. ಬುಟ್ಟಿಯಲ್ಲಿ ವಾಕ್ಯ ಬರೆದ ಸಣ್ಣ ಸಣ್ಣ ಕಾರ್ಡುಗಳು. ಒಬ್ಬೊಬ್ಬರೂ ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಬಂದದ್ದು ಆ ವರ್ಷಕ್ಕೆ ನಿಮ್ಮ ವಾಗ್ದಾನ. ಎದ್ದುನಿಂತು ಗಟ್ಟಿಯಾಗಿ ಓದಬೇಕು, ಎಲ್ಲರೂ ಆಮೆನ್ ಅನ್ನುತ್ತಾರೆ. ಆ ಕಾರ್ಡು ಫ್ರಿಜ್ಜಿನ ಮೇಲೋ ಪರ್ಸಿನೊಳಗೋ ವರ್ಷವಿಡೀ ಇರುತ್ತದೆ. ನಾನು ಹೇಳುವ ವರ್ಷ ನನಗೆ ಬಂದದ್ದು, ಪ್ರೀತಿಯು ಬಹಳ ಪಾಪಗಳನ್ನು ಮುಚ್ಚುತ್ತದೆ ಎಂಬರ್ಥದ್ದು. ಚಂದದ ವಾಕ್ಯ ಬಂತೆಂದು ಹಿಗ್ಗಿದೆ. ಕಾರ್ಖಾನೆಯ ಡ್ರೆಸ್ ಬದಲಿಸುವ ಕೋಣೆಯಲ್ಲಿ ನನ್ನ ಲಾಕರಿನ ಬಾಗಿಲ ಒಳಬದಿಗೆ ಅಂಟಿಸಿದೆ.

ಆ ವರ್ಷದ ಮಳೆಗಾಲ ಮುಗಿದಿತ್ತು. ಮುಂದಿನ ವಾರ ಹೊರದೇಶದ ತಪಾಸಣೆಯವರು ಬರುವವರಿದ್ದರು. ಮಗಳ ನಿಶ್ಚಿತಾರ್ಥವೂ ಅದೇ ವಾರ ವಿಜಯವಾಡದಲ್ಲಿ, ನನ್ನ ರಜೆ ಮಂಜೂರಾಗಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಬೆರಳಿನ ಪ್ಲೇಟುಗಳನ್ನು ಓದುತ್ತಿದ್ದೆ. ಒಂದು, ಎರಡು, ಮೂರು, ಎಲ್ಲ ಖಾಲಿ. ಹನ್ನೊಂದನೆಯದರಲ್ಲಿ ಬಲಗೈ ತೋರುಬೆರಳಿನ ಗುರುತಿನ ಮೇಲೆ ತಿಳಿಹಳದಿಯ ಒಂದು ಚುಕ್ಕೆ. ತಟ್ಟೆಯ ಬೆನ್ನಿಗೆ ಹೆಸರು: ನೂಕರತ್ನಂ.

ನೂಕರತ್ನಂ ಅನಕಾಪಲ್ಲಿ ಕಡೆಯವಳು, ಸೀಸೆ ತುಂಬುವ ಲೈನಿನಲ್ಲಿ ಆರು ವರ್ಷದಿಂದ ಕಾಂಟ್ರಾಕ್ಟ್ ಮೇಲೆ ದುಡಿಯುತ್ತಿದ್ದಳು. ನಾನು ಹೋಗುವ ಬಸ್ಸಿನಲ್ಲೇ ಬರುತ್ತಿದ್ದಳು. ಪರ್ಮನೆಂಟ್ ಮಾಡುವವರ ಪಟ್ಟಿಯಲ್ಲಿ ಅವಳ ಹೆಸರಿತ್ತು. ಈ ಚುಕ್ಕೆ ಪುಟ ಸೇರಿದರೆ ಆ ಪಟ್ಟಿಯಿಂದ ಅವಳು ಹೊರಗೆ.

ದೈವಾಧೀನಂಗಾರಿಗೆ ಫೋನ್ ಮಾಡಿದೆ. ಬಂದರು. ತಟ್ಟೆಯತ್ತ ನೋಡಲಿಲ್ಲ.

"ಯಾರದು?"

"ನೂಕರತ್ನಂದು ಸರ್."

ಕನ್ನಡಕ ತೆಗೆದು ಒರೆಸಿದರು. "ಪಾಪ, ಆ ಹುಡುಗಿ. ಮುಂದಿನ ವಾರ ತಪಾಸಣೆ ಬೇರೆ." ಕನ್ನಡಕ ಮತ್ತೆ ಹಾಕಿಕೊಂಡು, "ಸರೋಜಿನಮ್ಮಾ, ಈ ವರ್ಷ ನಿಮಗೆ ಬಂದ ವಾಗ್ದಾನ ಯಾವುದು?" ಎಂದು ಕೇಳಿದರು.

ಹೇಳಿದೆ.

"ಪ್ರಾರ್ಥನೆ ಮಾಡಿ ಬರೆಯಿರಿ ಅಮ್ಮಾ" ಎಂದು ಹೊರಟುಹೋದರು.

ನಾನು ಕಣ್ಣು ಮುಚ್ಚಿ ಕೂತೆ. ನಿಜ ಹೇಳಬೇಕೆಂದರೆ ಅದು ಪ್ರಾರ್ಥನೆಯಲ್ಲ, ಮೊದಲೇ ನಿರ್ಧರಿಸಿದ್ದಕ್ಕೆ ದೇವರ ಸಹಿ ಕೇಳಿದ್ದು. ವಿಚಾರಣೆ ಶುರುವಾದರೆ ನನ್ನ ರಜೆ ಹೋಗುತ್ತದೆಂಬುದೂ ತಲೆಯಲ್ಲಿ ಸುಳಿಯಿತು. ಅದನ್ನು ಹಿಂದೆ ಸರಿಸಿ ನೂಕರತ್ನಂಳ ಮುಖವನ್ನು ಮುಂದೆ ತಂದುಕೊಂಡೆ. ಜನವರಿಯಲ್ಲೇ ದೇವರು ಈ ದಿನಕ್ಕೆಂದು ನನಗೆ ಆ ಕಾರ್ಡು ಕೊಟ್ಟಿದ್ದಾನೆ ಅನ್ನಿಸಿ ಮೈ ಜುಮ್ಮೆಂದಿತು. ರಿಜಿಸ್ಟರಿನಲ್ಲಿ ಹನ್ನೊಂದನೆಯ ಸಾಲಿಗೆ "ಸೊನ್ನೆ" ಎಂದು ಇಂಗ್ಲಿಷಿನಲ್ಲಿ ಬರೆದೆ. ಕಾಲು ಗಂಟೆಯಲ್ಲಿ ದೈವಾಧೀನಂಗಾರು ಬಂದು ಪರಿಶೀಲಿಸಿದವರ ಜಾಗದಲ್ಲಿ ಸಹಿ ಹಾಕಿದರು.

ಸಂಜೆ ಬಸ್ಸಿನಲ್ಲಿ ನೂಕರತ್ನಂ ನನ್ನ ಪಕ್ಕದಲ್ಲೇ ಬಂದು ಕೂತಳು. ಅವಳು ಹೇಳಿದ್ದೆಲ್ಲ ತೆಲುಗಿನಲ್ಲಿ, ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮೇಡಂ, ಇವತ್ತು ನಮ್ಮ ಪ್ಲೇಟು ನೋಡಿದ್ರಾ? ನಂದ್ರಲ್ಲಿ ಏನಾದ್ರೂ ಬಂತಾ?"

"ಯಾಕಮ್ಮಾ?"

"ಅವತ್ತು ಕೆಲ್ಸದ ಮಧ್ಯ ಬೆರಳ ತುದಿ ಒದ್ದೆ ಒದ್ದೆ ಅನ್ನಿಸ್ತು. ಗ್ಲೌಸು ಹರಿದಿರ್ಬೇಕು ಅಂತ ಶಿಫ್ಟ್ ಇನ್‌ಚಾರ್ಜಿಗೆ ಹೇಳಿದೆ. ಬೆವರು ಬಿಡು ಅಂದ್ರು. ಅವತ್ತಿಂದ ನಿದ್ದೆ ಇಲ್ಲ ಮೇಡಂ. ಹೋದ ವರ್ಷ ನಮ್ಮಕ್ಕನ ಮಗುಗೆ ಆಸ್ಪತ್ರೇಲಿ ಎಂಟು ದಿನ ಇಂಜೆಕ್ಷನ್ ಕೊಟ್ರು. ಅದನ್ನೂ ನನ್ನಂಥೋಳು ಯಾರೋ ತುಂಬಿದ್ದೇ ಅಲ್ವಾ?"

ಅವಳಿಗೆ ತನ್ನ ಕೆಲಸದ ಚಿಂತೆ ಇರಬಹುದೆಂದು ನಾನು ಲೆಕ್ಕ ಹಾಕಿದ್ದೆ. ಅವಳ ಚಿಂತೆ ಅದಾಗಿರಲಿಲ್ಲ. ಆ ಗಳಿಗೆಯಲ್ಲೂ ನಿಜ ಹೇಳಬಹುದಿತ್ತು.

"ಏನೂ ಬಂದಿಲ್ಲಮ್ಮಾ" ಎಂದೆ.

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ನೀವು ಬೈಬಲ್ ಓದೋರು, ಸುಳ್ಳು ಹೇಳಲ್ಲ ಅಂತ ನಮ್ಮ ಲೈನಿನಲ್ಲಿ ಎಲ್ರೂ ಅಂತಾರೆ ಮೇಡಂ." ಆಮೇಲೆ ಕಿಟಕಿಗೆ ತಲೆಯಾನಿಸಿದಳು. ಮುಂದಿನ ನಿಲ್ದಾಣ ಬರುವಷ್ಟರಲ್ಲಿ ಅವಳಿಗೆ ಗಾಢ ನಿದ್ದೆ. ನಾನು ಅಲುಗಾಡದೆ ಕೂತೆ, ಹಿಂದೆ ಮೊಲಗಳ ಮುಂದೆ ಕೂರುತ್ತಿದ್ದಂತೆ.

ಮನೆಗೆ ಹೋಗಿ ಅವ್ವ ಕೊಟ್ಟ ಕನ್ನಡ ಸತ್ಯವೇದ ತೆಗೆದೆ. ಆ ವಾಕ್ಯವಿದ್ದ ಅಧ್ಯಾಯವನ್ನು ಕಾರ್ಡು ಬಂದ ಮೇಲೆ ಒಂದು ಸಲವೂ ತೆರೆದು ನೋಡಿರಲಿಲ್ಲ. ಹಿಂದಿನದು ಮುಂದಿನದು ಓದಿದೆ. ಅತಿಥಿಗಳನ್ನು ಗೊಣಗದೆ ಸತ್ಕರಿಸಿ, ದೇವರು ನಿಮ್ಮ ಕೈಗೆ ಒಪ್ಪಿಸಿದ್ದನ್ನು ಮನೆಯ ಉಸ್ತುವಾರಿ ಹೊತ್ತ ಒಳ್ಳೆಯ ಮನೆವಾರ್ತೆಯವರಂತೆ ಒಬ್ಬರಿಗೊಬ್ಬರು ಬಡಿಸಿ ಎಂಬಂಥ ಮಾತುಗಳು. ನನಗೆ ಇನ್ನೊಬ್ಬರು ಮಾಡಿದ ಅನ್ಯಾಯವನ್ನು ನಾನು ಮರೆಯುವ ಪ್ರೀತಿ ಅಲ್ಲಿರುವುದು. ನನ್ನ ಕೈಗೆ ಒಪ್ಪಿಸಿದ್ದು ಯಾರದೋ ರಕ್ತಕ್ಕೆ ಹೋಗುವ ಸೀಸೆ. ಅದರ ಮೇಲೆ ನಾನು ಆ ವಾಕ್ಯವನ್ನು ಮುಚ್ಚಳದಂತೆ ಹಾಕಿದ್ದೆ. ಅವ್ವನ ನಗು ನೆನಪಾಯಿತು. ಅವಗೂ ಬಾಯಿಪಾಠ ಬರ್ತಾವವಾ. ತಪ್ಪು ಎಂದು ಗೊತ್ತಿರುವ ಆಸೆ ಬಂದಾಗ ತಡೆಯುವುದು ಅಷ್ಟು ಕಷ್ಟವಲ್ಲ, ರೂತ್. ನನ್ನ ಬಳಿ ಅದು ಪ್ರೀತಿಯ ವೇಷದಲ್ಲಿ, ಚರ್ಚಿನ ಹಿರಿಯರ ಬಾಯಲ್ಲಿ, ನಾನೇ ಎತ್ತಿದ ಕಾರ್ಡಿನಲ್ಲಿ ಬಂದಿತ್ತು.

ಊಟದ ಹೊತ್ತಿಗೆ ಸಾಮ್ಯುಯೇಲ್‌ಗೆ ಎಲ್ಲ ಹೇಳಿದೆ. ಅವರು ತಟ್ಟೆಯಲ್ಲಿ ಕೈ ಹಾಗೇ ಇಟ್ಟುಕೊಂಡು ಕೇಳಿದರು. ಅವರ ಕನ್ನಡ ಇಷ್ಟು ವರ್ಷವಾದರೂ ಅರ್ಧ ತೆಲುಗು, ಅಪ್ಪನಿಗೆ ನಾನ್ನಗಾರು ಎಂದೇ ಅನ್ನುತ್ತಾರೆ.

"ಬಿರುಕು ಬಿಟ್ಟ ಶಾಫ್ಟಿಗೆ ಗ್ರೀಸು ಬಳಿದು ಕಳ್ಸಿದ್ರೆ ನಾನ್ನಗಾರು ನನಗೆ ಅನ್ನ ಹಾಕ್ತಿರಲಿಲ್ಲ, ಸರೋಜಾ." ಅಷ್ಟು ಹೇಳಿ, ಬೈಯುವುದನ್ನು ಬಿಟ್ಟು ಕೆಲಸಗಾರನ ಪ್ರಶ್ನೆ ಕೇಳಿದರು. "ಆ ಪ್ಲೇಟು ಇನ್ನೂ ಉಂದಾ?"

ಓದಿ ಮುಗಿದ ಪ್ಲೇಟುಗಳನ್ನು ಚೀಲದಲ್ಲಿ ಕಟ್ಟಿಡುತ್ತಾರೆ. ಮರುದಿನ ಬೆಳಿಗ್ಗೆ ಎಂಟಕ್ಕೆ ಆಟೋಕ್ಲೇವಿಗೆ, ಅಂದರೆ ಹಬೆಯ ದೊಡ್ಡ ಕುಕ್ಕರಿಗೆ ಹಾಕಿ ಬೇಯಿಸಿ ನಾಶ ಮಾಡುತ್ತಾರೆ. ಆಮೇಲೆ ಚುಕ್ಕೆಯೂ ಇಲ್ಲ, ಸಾಕ್ಷಿಯೂ ಇಲ್ಲ. "ಎಂಟರ ತನಕ ಉಂಟು" ಎಂದೆ.

"ಹಾಗಿದ್ರೆ ಮೊದಲ ಬಸ್ಸಿಗೇ ಹೋಗು. ಸ್ಟಾಪಿನ ತನಕ ನಾನು ಸ್ಕೂಟರಲ್ಲಿ ಬಿಡ್ತೀನಿ."

ಬೆಳಗಿನ ಬಸ್ಸಿನಲ್ಲಿ ನಾನು ಧೀರಳಾಗಿ ಕೂತಿದ್ದೆನೆಂದು ಯಾರೂ ತಿಳಿಯಬಾರದು. ಬಸ್ಸು ಕೆಟ್ಟು ನಿಲ್ಲಲಿ ಎಂದು ಪ್ರಾರ್ಥಿಸುವ ಮನಸ್ಸಾಗಿತ್ತು. ತಡವಾದರೆ ತಟ್ಟೆ ತಾನಾಗಿ ಹೋಗುತ್ತದೆ, ಆಗ ದೇವರ ಚಿತ್ತ ಎನ್ನಬಹುದು. ಆ ಯೋಚನೆ ಬಂದಾಗಲೆಲ್ಲ, ನನ್ನ ಬಾಯಿಗೆ ಕಾವಲಿಡು ಎಂದು ದೇವರನ್ನು ಬೇಡುವ ಕೀರ್ತನೆಯನ್ನು ಅವ್ವ ಕಲಿಸಿದಂತೆ ಮೊದಲಿನಿಂದ ಕೊನೆಯ ತನಕ ಹೇಳಿಕೊಂಡೆ. ಮಧ್ಯೆ ತಪ್ಪಿದರೆ ಮತ್ತೆ ಮೊದಲಿನಿಂದ. ಗಾಜುವಾಕದಿಂದ ಪರವಾಡದ ಗೇಟಿನ ತನಕ ಎಷ್ಟು ಸಲ ಹೇಳಿದೆನೋ ತಿಳಿಯದು. ಅದರಿಂದ ಭಯ ಹೋಗಲಿಲ್ಲ. ಕಾಲು ಮಾತ್ರ ಲ್ಯಾಬಿನ ಕಡೆಗೇ ನಡೆಯಿತು.

ಆಟೋಕ್ಲೇವ್ ನೋಡುವ ಅಪ್ಪಲನಾಯ್ಡು ಚೀಲಗಳನ್ನು ಗಾಡಿಗೆ ಹೇರಿಕೊಂಡಿದ್ದ. "ಒಂದು ಪ್ಲೇಟು ಬೇಕಪ್ಪಾ" ಎಂದೆ. ಅವನು ನನ್ನ ಮುಖ ನೋಡಿ ಚೀಲ ಇಳಿಸಿಕೊಟ್ಟ. ಹನ್ನೊಂದನೆಯದು ಸಿಕ್ಕಿತು. ಚುಕ್ಕೆ ಒಂದೇ ದಿನದಲ್ಲಿ ಸಾಸಿವೆಯಷ್ಟು ದೊಡ್ಡದಾಗಿತ್ತು.

ಪ್ಲೇಟು, ರಿಜಿಸ್ಟರು ಎರಡನ್ನೂ ದೈವಾಧೀನಂಗಾರ ಮೇಜಿನ ಮೇಲಿಟ್ಟೆ. ಮೊದಲ ಸಲ ಅವರು ಆ ತಟ್ಟೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಸರಿ ಅಮ್ಮಾ, ತಿದ್ದಿಬಿಡಿ. ಕಾರಣದಲ್ಲಿ 'ಬರೆಯುವಾಗ ಕೈತಪ್ಪು' ಅಂತ ಹಾಕಿ. ಬ್ಯಾಚು ನಿಲ್ಲುತ್ತೆ, ನಿಮಗೂ ತೊಂದರೆ ಇಲ್ಲ."

ಎಷ್ಟು ಸುಲಭದ ದಾರಿ. ಎಲ್ಲ ಲ್ಯಾಬುಗಳಲ್ಲೂ ಎಲ್ಲರೂ ಬರೆಯುವುದು ಅದನ್ನೇ. ನಾನು ಪೆನ್ನು ತೆರೆದೆ, ಆದರೆ ಆ ಎರಡು ಶಬ್ದ ಕೈಯಿಂದ ಬರಲಿಲ್ಲ.

"ಕೈ ತಪ್ಪಿದ್ದಲ್ಲ ಸರ್."

"ಅಲ್ಲಿ ನನ್ನ ಸಹಿಯೂ ಇದೆ ಅಮ್ಮಾ." ಅವರ ದನಿ ಬಹಳ ಸಣ್ಣದಾಗಿತ್ತು. ಅಷ್ಟು ದೊಡ್ಡ ಮನುಷ್ಯರು ಹೆದರಿದ್ದನ್ನು ನೋಡಿ ನನಗೆ ಸಂಕಟವಾಯಿತು. ಅವರ ಮೇಲೆ ಕೋಪ ಬರಲಿಲ್ಲ. ನಿನ್ನೆ ಮಧ್ಯಾಹ್ನ ನಾನೂ ಅಲ್ಲೇ ಇದ್ದೆನಲ್ಲ.

"ನನ್ನದನ್ನು ಮಾತ್ರ ನಾನು ಬರೆಯುತ್ತೇನೆ ಸರ್" ಎಂದೆ. ಸೊನ್ನೆಯ ಮೇಲೆ ಒಂದೇ ಗೆರೆ ಎಳೆದೆ, ಕೆಳಗಿನದು ಕಾಣುವಂತೆ. ಪಕ್ಕದಲ್ಲಿ ಒಂದು ಎಂದು ಬರೆದೆ. ಸಹಿ, ತಾರೀಖು. ಕಾರಣದಲ್ಲಿ, "ಚುಕ್ಕೆಯನ್ನು ನೋಡಿಯೂ ಇಲ್ಲವೆಂದು ಬರೆದಿದ್ದೆ."

ಅವರು ರಿಜಿಸ್ಟರನ್ನು ತಮ್ಮತ್ತ ಎಳೆದುಕೊಂಡು ಓದಿದರು. ಮುಚ್ಚಲಿಲ್ಲ. ಕೊನೆಗೆ ಕೈ ಚಾಚಿ ನನ್ನ ಪೆನ್ನು ಕೇಳಿದರು. ತಮ್ಮ ಸಹಿಯ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆದರು, "ಪ್ಲೇಟು ನೋಡದೆ ಸಹಿ ಮಾಡಿದ್ದೇನೆ."

ಬ್ಯಾಚನ್ನು ತಡೆಹಿಡಿದರು, ಅದು ಕಾರ್ಖಾನೆಯಿಂದ ಹೊರಗೆ ಹೋಗಲೇ ಇಲ್ಲ. ವಿಚಾರಣೆಯಲ್ಲಿ ಆ ಸಲ ಬಂದ ಗ್ಲೌಸುಗಳನ್ನು ನೀರು ತುಂಬಿಸಿ ನೋಡಿದಾಗ ಎಷ್ಟೋ ಜೋಡಿಗಳ ಬೆರಳ ತುದಿಯಲ್ಲಿ ಸೂಜಿಮೊನೆಯಂಥ ತೂತು. ತಪ್ಪು ನೂಕರತ್ನಂಳದ್ದಲ್ಲ, ಒದ್ದೆಯಾಗಿದೆಯೆಂದು ಹೇಳಿದ್ದೂ ಅವಳೊಬ್ಬಳೇ. ಪಟ್ಟಿಯಲ್ಲಿ ಅವಳ ಹೆಸರು ಉಳಿಯಿತು. ನಾನು ಅವಳ ಮೇಲಿನ ಪ್ರೀತಿಯಿಂದ ಮುಚ್ಚಿಟ್ಟಿದ್ದರೆ ಆ ತೂತಿನ ಗ್ಲೌಸನ್ನೇ ಅವಳು ಮತ್ತೆ ಮತ್ತೆ ತೊಡುತ್ತಿದ್ದಳು.

ನನ್ನನ್ನು ಒಂದು ವರ್ಷ ಸಹಿ ಮಾಡುವ ಕೆಲಸದಿಂದ ತೆಗೆದು ಅಗರ್ ಬೇಯಿಸುವ ಕೋಣೆಗೆ ಹಾಕಿದರು. ನಾನು ಅದನ್ನು ಅಡುಗೆಮನೆ ಎಂದು ಕರೆಯುತ್ತಿದ್ದೆ. ಅಲ್ಲಿಂದ ಬಂದ ಮೇಲೂ ಸೆಕ್ಷನ್ ಹೆಡ್ ಆಗಲಿಲ್ಲ. ಮಗಳ ನಿಶ್ಚಿತಾರ್ಥವನ್ನು ಲ್ಯಾಬಿನ ಹೊರಗೆ ಮೆಟ್ಟಿಲ ಮೇಲೆ ಕೂತು ಸಾಮ್ಯುಯೇಲ್ ಫೋನಿನಲ್ಲಿ ತೋರಿಸಿದಷ್ಟು ನೋಡಿದೆ. ಅವಳು ಆ ಬೇಸರವನ್ನು ಬಹಳ ದಿನ ತೆಲುಗಿನಲ್ಲೇ ಹೇಳಿದಳು. ದೈವಾಧೀನಂಗಾರನ್ನು ಬೇರೆ ವಿಭಾಗಕ್ಕೆ ಕಳಿಸಿದರು. ಕೆಲವು ತಿಂಗಳು ಚರ್ಚಿನಲ್ಲಿ ನನ್ನ ಮುಖ ನೋಡಲಿಲ್ಲ. ಮುಂದಿನ ಜನವರಿ ಒಂದರಂದು ಕಾರ್ಡಿನ ಬುಟ್ಟಿ ಹಿಡಿದವರು ಅವರೇ. "ಮನೆಗೆ ಹೋಗಿ ಪೂರಾ ಅಧ್ಯಾಯ ಓದಿ" ಎಂದು ಒಬ್ಬೊಬ್ಬರಿಗೂ ಹೇಳಿ ಬುಟ್ಟಿ ಚಾಚುತ್ತಿದ್ದರು. ನನ್ನ ಬಳಿ ಬಂದಾಗ ಬರೀ ನಕ್ಕು ಬುಟ್ಟಿ ಚಾಚಿದರು.

ಇನ್ನೊಂದು ಉಳಿದಿದೆ. ರಿಜಿಸ್ಟರು ತಿದ್ದಿದ ದಿನ ಸಂಜೆ ಬಸ್ಸಿನಲ್ಲಿ ನೂಕರತ್ನಂಗೆ ಹೇಳಬೇಕಿತ್ತು. ಬಾಯಿಂದ ಆಡಿದ್ದರ ಮೇಲೆ ಗೆರೆ ಎಳೆಯಲು ಪುಟವಿಲ್ಲ. ಅವಳ ಪಕ್ಕಕ್ಕೆ ಹೋಗಿ ಕೂತು, ನಿನ್ನೆ ನಿನಗೆ ಸುಳ್ಳು ಹೇಳಿದೆ, ನಿನ್ನ ಪ್ಲೇಟಿನಲ್ಲಿ ಒಂದು ಇತ್ತು, ನಿನಗೆ ಒಳ್ಳೆಯದಾಗಲೆಂದು ಹಾಗೆ ಬರೆದೆ, ತಪ್ಪಾಯಿತು ಎಂದೆ. ಅವಳು ಬಯ್ಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ.

"ನಿನ್ನೆ ನಿದ್ದೆ ಮಾಡಿದ್ದೆ ಮೇಡಂ" ಎಂದಳು. "ಐದು ದಿನ ಆದ್ಮೇಲೆ ನಿನ್ನೆ ನಿದ್ದೆ ಬಂದಿತ್ತು."

ಅಷ್ಟೇ ಹೇಳಿ ಎದ್ದು ಹಿಂದಿನ ಸೀಟಿಗೆ ಹೋದಳು.

ವರ್ಷ ಕಳೆದು ನಾನು ಪ್ಲೇಟು ಓದುವ ಕೆಲಸಕ್ಕೆ ಮರಳಿದೆ. ಮೊದಲ ವಾರವೇ ಅವಳು ಲ್ಯಾಬಿನ ಹೊರಗೆ ಗಾಜಿನ ಕಿಟಕಿಯ ಬಳಿ ನಿಂತಿದ್ದಳು. "ನಂದು ಎಷ್ಟು?" ಎಂದು ಬೆರಳಿನ ಸನ್ನೆಯಲ್ಲಿ ಕೇಳಿದಳು. ಸೊನ್ನೆ ಎಂದು ನಾನೂ ಸನ್ನೆ ಮಾಡಿದೆ. ಅವಳು ಸಾಲದೆಂದು ತಲೆಯಲ್ಲಾಡಿಸಿ, ತೋರಿಸಿ ಎಂದಳು. ಪ್ಲೇಟನ್ನು ಗಾಜಿಗೆ ಹಿಡಿದೆ. ಅವಳು ಬಗ್ಗಿ ಒಂದೊಂದೇ ಬೆರಳಿನ ಗುರುತನ್ನು ನೋಡಿದಳು, ಆಮೇಲೆ ಹೋದಳು. ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಬಸ್ಸಿನಲ್ಲಿ ಮತ್ತೆ ಪಕ್ಕದಲ್ಲಿ ಕೂರತೊಡಗಿದಳು, ಮನೆಯಿಂದ ಪೂತರೇಕುಲು ಎಂಬ ಸಿಹಿ ತಂದುಕೊಟ್ಟಳು, ಮಗಳ ಮದುವೆಗೆ ಬಂದು ಬಡಿಸಿದಳು. ಆದರೂ ಪ್ಲೇಟಿನ ವಿಷಯದಲ್ಲಿ ನನ್ನ ಮಾತನ್ನು ತೆಗೆದುಕೊಳ್ಳಲಿಲ್ಲ. ವರ್ಷಗಟ್ಟಲೆ, ಅವಳ ಸರದಿ ಬಂದಾಗಲೆಲ್ಲ, ನಾನು ತಟ್ಟೆಯನ್ನು ಗಾಜಿಗೆ ಹಿಡಿದೆ. ನನಗೆ ಅದು ನೋಯುತ್ತಿತ್ತು. ಅವಳಿಗೆ ಹಾಗೆ ಕೇಳುವ ಹಕ್ಕಿತ್ತು.

ನನ್ನ ಕೊನೆಯ ದಿನ ಹಾರ, ಶಾಲು, ಕೇಕು ಎಲ್ಲ ಮಧ್ಯಾಹ್ನಕ್ಕೆ ಮುಗಿದವು. ಬಾಕಿ ಇದ್ದ ಪ್ಲೇಟುಗಳನ್ನು ಓದಿಯೇ ಹೋಗುತ್ತೇನೆಂದು ಏಪ್ರನ್ ತೊಟ್ಟು ಒಳಗೆ ಹೋದೆ. ತಲೆಯೆತ್ತಿದಾಗ ನೂಕರತ್ನಂ ಗಾಜಿನಾಚೆ ನಿಂತಿದ್ದಳು. ಅವಳ ಹೆಸರಿನ ತಟ್ಟೆಯನ್ನು ಬೆಳಕಿಗೆ ತಿರುಗಿಸಿ ನೋಡಿ, ರಿಜಿಸ್ಟರಿನಲ್ಲಿ ಬರೆದು, ಎಂದಿನಂತೆ ಗಾಜಿಗೆ ಹಿಡಿದೆ.

ಅವಳು ತಟ್ಟೆಯನ್ನು ನೋಡಲಿಲ್ಲ. ನನ್ನ ಮುಖ ನೋಡುತ್ತ, "ಎಷ್ಟು ಮೇಡಂ?" ಎಂದಳು. ಗಾಜಿನಿಂದಾಗಿ ದನಿ ಕೇಳಿಸಲಿಲ್ಲ, ತುಟಿ ಕಾಣಿಸಿತು.

"ಸೊನ್ನೆ" ಎಂದೆ.

ಸರಿ ಎಂದು ತಲೆಯಾಡಿಸಿ, ತಟ್ಟೆಯತ್ತ ಕಣ್ಣು ಹಾಯಿಸದೆ, ಅವಳು ಬಸ್ಸಿನ ಕಡೆಗೆ ನಡೆದಳು.